ಶಾಲೆಗೆ ಕಂಪ್ಯೂಟರ್ ಬಂತು, ಅದನ್ನು ಕಾಯ್ದವರು ಯಾರು?
(ಅನುಭವ ಹಂಚಿಕೆಯ ನಾಲ್ಕು ದಶಕಗಳ ಒಂದು ನೋಟ)

ಒಂದು ಶಾಲೆಗೆ ಮೊದಲ ಕಂಪ್ಯೂಟರ್ ಬಂದ ದಿನ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ. ಅಂದು ಬಾಗಿಲಿಗೆ ತೋರಣ ಕಟ್ಟುತ್ತಾರೆ, ಗಣ್ಯರು ಬರುತ್ತಾರೆ, ಭಾವಚಿತ್ರ ತೆಗೆಯುತ್ತಾರೆ, ಉದ್ಘಾಟಿಸಿದವರ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಅದೇ ಕಂಪ್ಯೂಟರ್ ಮೊದಲ ಸಲ ಕೆಟ್ಟು ನಿಂತ ದಿನ ಯಾವುದು? ಅದನ್ನು ಮತ್ತೆ ನಡೆಯುವಂತೆ ಮಾಡಿದವರು ಯಾರು? ಆ ವಿದ್ಯೆಯನ್ನು ಅವರು ಯಾರಿಂದ ಕಲಿತರು, ಮುಂದೆ ಯಾರಿಗೆ ಕಲಿಸಿದರು? ಈ ಪ್ರಶ್ನೆಗಳಿಗೆ ಯಾವ ಶಾಲೆಯ ದಾಖಲೆಯಲ್ಲೂ ಉತ್ತರ ಸಿಗುವುದು ಕಷ್ಟ. ಯಂತ್ರದ ಚರಿತ್ರೆ ನಮ್ಮಲ್ಲಿ ಬರೆಯಲ್ಪಟ್ಟಿದೆ, ಯಂತ್ರವನ್ನು ಕಾಯ್ದವರ ಚರಿತ್ರೆ ಬರೆಯಲ್ಪಟ್ಟಿಲ್ಲ.

ಇಂದು ನಮ್ಮ ಸಂಘದಂತಹ ಅನೇಕ ವಿದ್ಯಾಸಂಸ್ಥೆಗಳು ಕಂಪ್ಯೂಟರ್ ಕೊಠಡಿ, ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್ ಎಂದು ದಾನಿಗಳ ಹಣವನ್ನು ವೆಚ್ಚ ಮಾಡುತ್ತಿವೆ. ಆ ಹಣ ಸಾರ್ಥಕವಾಗಬೇಕಾದರೆ ಹಿಂದಿನವರು ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂಬುದನ್ನು ತಿಳಿಯುವುದು ಅಗತ್ಯ. ಈ ಲೇಖನದ ಉದ್ದೇಶ ಅಷ್ಟೇ.

ಹೊಳೆಯಾಚೆಯ ಶಾಲೆಯ ಪಾಡು

ಸಾಗರ ತಾಲ್ಲೂಕಿನ ಕರೂರು ಹೋಬಳಿಯಲ್ಲಿ ತುಮರಿ ಇದೆ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದು ಹಿನ್ನೀರು ಹರಡಿದಾಗ ಈ ಭಾಗ ತಾಲ್ಲೂಕು ಕೇಂದ್ರದಿಂದ ಬೇರ್ಪಟ್ಟಿತು. ನಾಡಿಗೆ ಬೆಳಕು ಕೊಟ್ಟ ನೀರು ಇಲ್ಲಿನ ಜನರ ದಾರಿಯನ್ನೇ ಮುಳುಗಿಸಿತು. ಮುಂದೆ ದಶಕಗಳ ಕಾಲ ಸಾಗರಕ್ಕೆ ಹೋಗಬೇಕೆಂದರೆ ಒಂದೋ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಲಾಂಚ್ ಹತ್ತಬೇಕು, ಇಲ್ಲವೇ ಬಹಳ ದೂರ ಸುತ್ತಿಕೊಂಡು ಹೋಗಬೇಕು ಎಂಬ ಸ್ಥಿತಿ. ಸಂಜೆಯ ಕೊನೆಯ ಲಾಂಚ್ ತಪ್ಪಿದರೆ ಅಂದು ಆಚೆ ದಡವೇ ಗತಿ. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ವಾಹನಗಳನ್ನು ಸಾಗಿಸುವುದೂ ನಿಲ್ಲುತ್ತಿತ್ತು. 2025ರ ಜುಲೈ 14ರಂದು ಸುಮಾರು 2.44 ಕಿಲೋಮೀಟರ್ ಉದ್ದದ ಸೇತುವೆ ಉದ್ಘಾಟನೆಯಾಗುವವರೆಗೆ ಇದೇ ಇಲ್ಲಿನ ನಿತ್ಯ ಜೀವನವಾಗಿತ್ತು.

ಇಂತಹ ಊರಿನ ಶಾಲೆಯಲ್ಲಿ ಕಂಪ್ಯೂಟರ್ ಕೆಟ್ಟರೆ ಏನಾಗುತ್ತದೆ ಎಂದು ಯೋಚಿಸಿ ನೋಡಿ. ಪೇಟೆಯ ಶಾಲೆಯಾದರೆ ಫೋನ್ ಮಾಡಿದ ಒಂದೆರಡು ದಿನಗಳಲ್ಲಿ ಮೆಕ್ಯಾನಿಕ್ ಬರುತ್ತಾನೆ. ಸೇತುವೆ ಬರುವ ಮೊದಲು ಹೊಳೆಯಾಚೆಯ ಶಾಲೆಗೆ ಬರಲು ಅವನಿಗೆ ಒಂದು ಇಡೀ ದಿನ ಬೇಕಾಗುತ್ತಿತ್ತು. ಬಂದ ಮೇಲೆ ಒಂದು ಸಣ್ಣ ಬಿಡಿಭಾಗ ತಂದಿಲ್ಲವೆಂದು ಗೊತ್ತಾದರೆ ಮತ್ತೊಂದು ದಿನ. ಶಿಕ್ಷಕರೇ ಸಿಪಿಯು ಪೆಟ್ಟಿಗೆಯನ್ನು ಹೊತ್ತು ಹೋದರೆ ಪಾಠದ ಸಮಯ ಹಾಳು. ಹೀಗಾಗಿ ಪೇಟೆಯಲ್ಲಿ ಎರಡು ದಿನದ ತೊಂದರೆಯಾದದ್ದು ಹಳ್ಳಿಯಲ್ಲಿ ಎರಡು ತಿಂಗಳ ತೊಂದರೆಯಾಗುತ್ತದೆ, ಕೆಲವು ಕಡೆ ಶಾಶ್ವತವಾದ ತೊಂದರೆಯೂ ಆಗುತ್ತದೆ. ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಒಳಹಳ್ಳಿಗಳ ಶಾಲೆಗಳಿಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ.

ಮಲೆನಾಡಿನ ಹವೆಯೂ ಯಂತ್ರಕ್ಕೆ ಅನುಕೂಲವಾದದ್ದಲ್ಲ. ಮಳೆಗಾಲದ ತಂಪಿಗೆ ಸಿ.ಡಿ.ಗಳ ಮೇಲೆ ಬೂಷ್ಟು ಹಿಡಿಯುತ್ತದೆ, ಒಳಗಿನ ಲೋಹದ ಭಾಗಗಳು ಕಿಲುಬುಗಟ್ಟುತ್ತವೆ. ಗುಡುಗು ಸಿಡಿಲಿನ ದಿನಗಳಲ್ಲಿ ಟೆಲಿಫೋನ್ ತಂತಿಯ ಮೂಲಕ ಬಂದ ಮಿಂಚು ಮೋಡೆಮ್ಮನ್ನು ಸುಡುತ್ತದೆ. ಕರೆಂಟಿನ ಏರಿಳಿತಕ್ಕೆ ಯುಪಿಎಸ್ ಬ್ಯಾಟರಿ ಬೇಗ ಸಾಯುತ್ತದೆ. ಇಲಿಗಳು ವೈರ್ ಕಡಿಯುತ್ತವೆ. ಈ ಯಾವ ತೊಂದರೆಗೂ ಕಂಪನಿಯ ಕೈಪಿಡಿಯಲ್ಲಿ ಪರಿಹಾರ ಇರುವುದಿಲ್ಲ. ಪಕ್ಕದ ಊರಿನ ಶಾಲೆಯ ಮೇಷ್ಟ್ರ ಬಳಿ ಇರುತ್ತದೆ! ಮೋಡ ಕಟ್ಟಿದಾಗ ಪ್ಲಗ್ ಕಿತ್ತಿಡುವುದು, ಟೆಲಿಫೋನ್ ತಂತಿಯನ್ನೂ ಮರೆಯದೆ ತೆಗೆಯುವುದು, ರಜೆಯ ದಿನಗಳಲ್ಲೂ ವಾರಕ್ಕೊಮ್ಮೆ ಯಂತ್ರವನ್ನು ಚಾಲೂ ಮಾಡಿ ಒಳಗೆ ಬಿಸಿ ಹುಟ್ಟಿಸುವುದು, ಪರದೆಯಲ್ಲಿ ಏನೂ ಮೂಡದಿದ್ದರೆ ರ‍್ಯಾಮ್ ಪಟ್ಟಿಯನ್ನು ಬಿಚ್ಚಿ ಅದರ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುವುದು, ತಾರೀಖು ಪ್ರತಿದಿನ ಹಿಂದಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಬಿಲ್ಲೆ ಸೆಲ್ ಬದಲಿಸುವುದು. ಇವೆಲ್ಲ ಕೈಯಿಂದ ಕೈಗೆ ಬರುವ ವಿದ್ಯೆ.

ಅಡಿಕೆ ತೋಟ ಕಲಿಸಿದ ಪಾಠ

ಅನುಭವದ ಹಂಚಿಕೆ ಮಲೆನಾಡಿಗೆ ಹೊಸ ವಿಷಯವೇನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಡಿಕೆಗೆ ಬರುವ ಕೊಳೆರೋಗವು ಇಲ್ಲಿನ ಬೆಳೆಗಾರರನ್ನು ಕಂಗೆಡಿಸಿತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಈ ರೋಗವನ್ನು ಅಧ್ಯಯನ ಮಾಡಿ, ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಪರಿಹಾರ ಪ್ರಯೋಗಾಲಯದಿಂದ ಬಂದದ್ದು ನಿಜ. ಆದರೆ ಸುಣ್ಣ ಎಷ್ಟು ಹದವಾಗಿರಬೇಕು, ಮಳೆ ಹಿಡಿಯುವ ಎಷ್ಟು ದಿನ ಮೊದಲು ಹೊಡೆಯಬೇಕು, ಎರಡನೆಯ ಔಷಧಿ ಯಾವಾಗ ಎಂಬ ಸೂಕ್ಷ್ಮಗಳು ತೋಟದಿಂದ ತೋಟಕ್ಕೆ, ಕೊನೆಗಾರನಿಂದ ಕೊನೆಗಾರನಿಗೆ ದಾಟಿದವು. 1988ರಲ್ಲಿ ಶ್ರೀಪಡ್ರೆ ಅವರ ಸಂಪಾದಕತ್ವದಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೇ ಲೇಖನಿ ಕೊಟ್ಟು, ಅವರ ಅನುಭವವನ್ನು ಅವರಿಂದಲೇ ಬರೆಸಿತು.

ಶಾಲೆಯ ಒಳಗೂ ಇಂತಹ ಉದಾಹರಣೆ ಉಂಟು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಕಂಡದ್ದನ್ನು ತಮ್ಮ ಶಾಲೆಗಳಿಗೆ ಹೊಂದಿಸಿಕೊಂಡರು. ಅದೇ ‘ನಲಿ ಕಲಿ’ಯ ಮೂಲ. 2009-10ರ ವೇಳೆಗೆ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಿತು. ಶಿಕ್ಷಕನು ಶಿಕ್ಷಕನಿಂದ ಕಲಿತದ್ದು ಬಾಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಹೊರದೇಶಗಳಲ್ಲಿ ನಡೆದದ್ದು

ಅಮೆರಿಕದಲ್ಲಿ ಶಾಲೆಗಳ ಆಡಳಿತ ‘ಶಾಲಾ ಜಿಲ್ಲೆ’ ಎಂಬ ಸ್ಥಳೀಯ ಘಟಕಗಳ ಕೈಯಲ್ಲಿದೆ. ಇಂದು ಅಲ್ಲಿನ ಬಹುತೇಕ ಶಾಲಾ ಜಿಲ್ಲೆಗಳು ಕಂಪ್ಯೂಟರ್ ನೋಡಿಕೊಳ್ಳಲು ತಮ್ಮದೇ ಸಿಬ್ಬಂದಿಯನ್ನು ಹೊಂದಿವೆ. ಆದರೆ ಕಂಪ್ಯೂಟರ್ ಎಂದರೆ ಒಂದು ಕೋಣೆಯಷ್ಟು ದೊಡ್ಡದಾಗಿದ್ದ ಕಾಲದಲ್ಲಿ ಒಂದೊಂದು ಶಾಲಾ ಜಿಲ್ಲೆ ಒಂದೊಂದನ್ನು ಕೊಳ್ಳುವುದು ಅಸಾಧ್ಯವಾಗಿತ್ತು. ಆಗ 1967ರಲ್ಲಿ ಮಿನ್ನೆಸೋಟ ರಾಜ್ಯದ ಹಲವು ಶಾಲಾ ಜಿಲ್ಲೆಗಳು ಒಟ್ಟು ಸೇರಿ ‘ಟೈಸ್’ ಎಂಬ ಸಹಕಾರಿ ಒಕ್ಕೂಟವನ್ನು ಮಾಡಿಕೊಂಡವು. 1973ರಲ್ಲಿ ಅದೇ ರಾಜ್ಯದಲ್ಲಿ ‘ಮೆಕ್’ ಎಂಬ ರಾಜ್ಯಮಟ್ಟದ ಒಕ್ಕೂಟ ಹುಟ್ಟಿತು. ದೂರದ ಶಾಲೆಗಳು ಟೆಲಿಫೋನ್ ತಂತಿಯ ಮೂಲಕ ಒಂದೇ ದೊಡ್ಡ ಯಂತ್ರವನ್ನು ಹಂಚಿಕೊಂಡು ಬಳಸಿದವು. ಯಂತ್ರವನ್ನು ಹಂಚಿಕೊಂಡ ಮೇಲೆ ಅದರ ಬಗೆಗಿನ ತಿಳಿವಳಿಕೆಯನ್ನೂ ಹಂಚಿಕೊಳ್ಳಲೇಬೇಕಾಯಿತು. ಒಬ್ಬ ಶಿಕ್ಷಕ ಬರೆದ ಪ್ರೋಗ್ರಾಮ್ ಇನ್ನೊಬ್ಬನ ತರಗತಿಗೆ ತಲುಪಿತು.

ಬ್ರಿಟನ್ ಸರ್ಕಾರವು 1980ರ ದಶಕದ ಮೊದಲ ಭಾಗದಲ್ಲಿ ಶಾಲೆಗಳಿಗೆ ಕಂಪ್ಯೂಟರ್ ಕೊಡುವುದರ ಜೊತೆಗೆ 14 ಪ್ರಾದೇಶಿಕ ಕೇಂದ್ರಗಳನ್ನು ತೆರೆದು, ಶಿಕ್ಷಕರು ಅಲ್ಲಿ ಬಂದು ಕಲಿಯಲು ಮತ್ತು ಕಲಿತದ್ದನ್ನು ಹಂಚಲು ಏರ್ಪಾಡು ಮಾಡಿತು. ಶ್ರೀಮಂತ ದೇಶಗಳು ಯಂತ್ರ ಕೊಟ್ಟು ಸುಮ್ಮನಾಗಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ನಮ್ಮ ದೇಶದ ಮೊದಲ ಹೆಜ್ಜೆ

ಭಾರತದ ಶಾಲೆಗಳಿಗೆ ಕಂಪ್ಯೂಟರ್ ಯೋಜನೆಯಾಗಿ ಬಂದದ್ದು 1984-85ರಲ್ಲಿ. ‘ಕ್ಲಾಸ್’ ಎಂದು ಹೆಸರಾದ ಆ ಕಾರ್ಯಕ್ರಮದಲ್ಲಿ ದೇಶದ ಸುಮಾರು 250 ಶಾಲೆಗಳಿಗೆ ಬ್ರಿಟನ್ನಿನ ಬಿಬಿಸಿ ಮೈಕ್ರೋ ಎಂಬ ಚಿಕ್ಕ ಕಂಪ್ಯೂಟರ್‌ಗಳನ್ನು ಕೊಡಲಾಯಿತು. ಶಿಕ್ಷಕರಿಗೆ ತರಬೇತಿ ಕೊಡಲು, ತೊಂದರೆಯಾದಾಗ ನೆರವಾಗಲು ಇಂಜಿನಿಯರಿಂಗ್ ಕಾಲೇಜುಗಳನ್ನೇ ಹೆಚ್ಚಾಗಿ ಸಂಪನ್ಮೂಲ ಕೇಂದ್ರಗಳನ್ನಾಗಿ ಗುರುತಿಸಲಾಯಿತು. ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರವು ಈ ಪ್ರಯೋಗದ ಮೌಲ್ಯಮಾಪನವನ್ನೂ ಮಾಡಿತು.

ಯೋಜನೆಯ ಆಶಯ ಒಳ್ಳೆಯದೇ. ಆದರೆ ಇಂಜಿನಿಯರಿಂಗ್ ಕಾಲೇಜು ಇರುವುದು ನಗರದಲ್ಲಿ. ಅಲ್ಲಿಯ ಪ್ರಾಧ್ಯಾಪಕರಿಗೆ ಯಂತ್ರ ಗೊತ್ತು, ಆದರೆ ನಲವತ್ತು ಮಕ್ಕಳನ್ನು ಎರಡು ಯಂತ್ರಗಳ ಮುಂದೆ ಕೂರಿಸಿ ನಲವತ್ತು ನಿಮಿಷದಲ್ಲಿ ಪಾಠ ಮಾಡುವ ಕಷ್ಟ ಗೊತ್ತಿಲ್ಲ. ಶಾಲೆಯ ಶಿಕ್ಷಕರಿಗೆ ಆ ಕಷ್ಟ ಗೊತ್ತು, ಆದರೆ ಅವರು ಒಬ್ಬರನ್ನೊಬ್ಬರು ಕಾಣುವ ಏರ್ಪಾಡು ಇರಲಿಲ್ಲ. ತರಬೇತಿ ಮೇಲಿನಿಂದ ಕೆಳಗೆ ಬಂತು, ಪಕ್ಕದಿಂದ ಪಕ್ಕಕ್ಕೆ ಹೋಗಲಿಲ್ಲ.

ಗುತ್ತಿಗೆಯ ಕಾಲ

ಹೊಸ ಸಹಸ್ರಮಾನದ ಆರಂಭದಲ್ಲಿ ಕರ್ನಾಟಕ ಸರ್ಕಾರವು ‘ಮಾಹಿತಿ ಸಿಂಧು’ ಯೋಜನೆಯನ್ನು ಕೈಗೊಂಡು ಸುಮಾರು ಒಂದು ಸಾವಿರ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಶಿಕ್ಷಣವನ್ನು ತಲುಪಿಸಿತು. ಬಡ ಮಕ್ಕಳಿಗೂ ಕಂಪ್ಯೂಟರ್ ಮುಟ್ಟುವ ಭಾಗ್ಯ ದೊರೆತದ್ದು ಸಣ್ಣ ಮಾತಲ್ಲ. 2004ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರದ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ ಬಂದ ಮೇಲೆ ಮತ್ತಷ್ಟು ಶಾಲೆಗಳು ಹಂತ ಹಂತವಾಗಿ ಸೇರಿದವು.

ಈ ಯೋಜನೆಗಳು ನಡೆದದ್ದು ಹೆಚ್ಚಾಗಿ ಗುತ್ತಿಗೆ ಪದ್ಧತಿಯಲ್ಲಿ. ಖಾಸಗಿ ಸಂಸ್ಥೆಯು ಯಂತ್ರಗಳನ್ನು ತಂದು ಕೂರಿಸಿ, ಬೋಧಕನನ್ನೂ ನೇಮಿಸಿ, ಸುಮಾರು ಐದು ವರ್ಷ ನಡೆಸಿ, ಕೊನೆಗೆ ಎಲ್ಲವನ್ನೂ ಶಾಲೆಗೆ ಒಪ್ಪಿಸಬೇಕು. ಲೆಕ್ಕದ ಪುಸ್ತಕದಲ್ಲಿ ಈ ವ್ಯವಸ್ಥೆ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಕರಾರು ಮುಗಿದ ದಿನ ಶಾಲೆಗೆ ದಕ್ಕುವುದು ಐದು ವರ್ಷ ಹಳೆಯದಾದ ಯಂತ್ರಗಳು. ಯಾವ ಯಂತ್ರಕ್ಕೆ ಯಾವ ಕಾಯಿಲೆ, ಯಾವುದಕ್ಕೆ ಯಾವ ಮದ್ದು ಎಂದು ಬಲ್ಲ ಬೋಧಕ ಅದೇ ದಿನ ಹೊರಟುಹೋಗುತ್ತಾನೆ. ಅವನು ಕಡಿಮೆ ಸಂಬಳಕ್ಕೆ ದುಡಿದ ಯುವಕ ಅಥವಾ ಯುವತಿ. ಶಾಲೆಯ ಸಿಬ್ಬಂದಿಯ ಪಟ್ಟಿಯಲ್ಲಿ ಹೆಸರಿಲ್ಲ, ಇಲಾಖೆಯ ಸಭೆಗಳಿಗೆ ಕರೆಯಿಲ್ಲ. ಅವನ ತಪ್ಪು ಏನೂ ಇಲ್ಲ, ವ್ಯವಸ್ಥೆಯು ಅವನ ಅನುಭವವನ್ನು ಕೇಳಲೇ ಇಲ್ಲ ಅಷ್ಟೆ. ಅತ್ತ ಶಾಲೆಯ ಗಣಿತ, ವಿಜ್ಞಾನ ಶಿಕ್ಷಕರು ‘ಅದು ಕಂಪ್ಯೂಟರ್ ಸರ್ ಕೆಲಸ’ ಎಂದು ದೂರವೇ ಉಳಿದಿದ್ದರು. ಬೀಗದ ಕೈ ಮುಖ್ಯೋಪಾಧ್ಯಾಯರ ಮೇಜಿಗೆ ಬಂತು, ಕೊಠಡಿಯ ಬಾಗಿಲು ಮುಚ್ಚಿತು. ಇದು ಒಂದು ಊರಿನ ಕತೆಯಲ್ಲ, ಆ ಪದ್ಧತಿಯ ಗುಣವೇ ಅದು.

ಇದೇ ಕಾಲದಲ್ಲಿ ಶಾಲೆಗಳಿಗೆ ಒಂದು ಉತ್ತಮ ಸಭೆಯ ಏರ್ಪಾಡು ದೊರೆತಿತ್ತು ಎಂಬುದನ್ನೂ ನೆನೆಯಬೇಕು. 2001-02ರಿಂದ ಸರ್ವ ಶಿಕ್ಷಣ ಅಭಿಯಾನದಡಿ ತಾಲ್ಲೂಕಿಗೆ ಬಿಆರ್‌ಸಿ, ಹತ್ತಾರು ಶಾಲೆಗಳಿಗೊಂದು ಸಿಆರ್‌ಸಿ ಎಂಬ ಸಂಪನ್ಮೂಲ ಕೇಂದ್ರಗಳು ವ್ಯಾಪಕವಾದವು. ಕ್ಲಸ್ಟರ್ ಮಟ್ಟದ ‘ಸಮಾಲೋಚನಾ ಸಭೆ’ಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು ಒಟ್ಟು ಸೇರಿ ಪಾಠಗಳ ಬಗ್ಗೆ ಮಾತನಾಡುತ್ತಿದ್ದರು. ಆದರೆ ಕಂಪ್ಯೂಟರ್ ಇದ್ದದ್ದು ಪ್ರೌಢಶಾಲೆಯಲ್ಲಿ, ಅದನ್ನು ನೋಡಿಕೊಳ್ಳುವವನು ಗುತ್ತಿಗೆಯವನು. ಸಭೆ ಒಂದು ಕಡೆ, ಅನುಭವ ಇನ್ನೊಂದು ಕಡೆ ಉಳಿಯಿತು.

ಅಕ್ಷರದ ಗೊಂದಲ

ಯಂತ್ರದ ತೊಂದರೆಯ ಜೊತೆಗೆ ಲಿಪಿಯ ತೊಂದರೆಯೂ ಇತ್ತು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’ ಮತ್ತು ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ಸಿದ್ಧಪಡಿಸಿದ ‘ನುಡಿ’ ತಂತ್ರಾಂಶಗಳು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೂ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತಿತ್ತು. ಉರ್ದು ಮಾಧ್ಯಮದ ಶಾಲೆಗಳ ಪಾಡೂ ಇದೇ. ‘ಇನ್‌ಪೇಜ್’ ತಂತ್ರಾಂಶದಲ್ಲಿ ಸಿದ್ಧಪಡಿಸಿದ ಸುಂದರವಾದ ನಸ್ತಾಲಿಖ್ ಪುಟವು ಆ ತಂತ್ರಾಂಶವಿಲ್ಲದ ಕಡೆ ತೆರೆಯುತ್ತಲೇ ಇರಲಿಲ್ಲ. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯೂನಿಕೋಡ್ ಎಂಬ ಒಂದೇ ಸಂಕೇತ ಪದ್ಧತಿಯಲ್ಲಿ ಕನ್ನಡ 1991ರಿಂದಲೇ ಇತ್ತು. ಆದರೆ ಅದನ್ನು ಬಳಸುವುದು ಹೇಗೆ, ಹಳೆಯ ಕಡತಗಳನ್ನು ಬದಲಿಸುವುದು ಹೇಗೆ ಎಂಬುದು ಶಾಲೆಗಳಿಗೆ ತಲುಪಲು ಬಹಳ ವರ್ಷ ಹಿಡಿಯಿತು. ಜ್ಞಾನ ಇದ್ದರೆ ಸಾಲದು, ಅದು ನಡೆದು ಬರಲು ದಾರಿ ಬೇಕು.

ಕಾಸರಗೋಡಿನ ಕನ್ನಡ ಶಾಲೆಗಳು ಕಂಡ ದಾರಿ

ಹೀಗೆ ನಮ್ಮಲ್ಲಿ ಕೊಠಡಿಗಳಿಗೆ ಬೀಗ ಬೀಳುತ್ತಿದ್ದಾಗ ನೆರೆಯ ಕೇರಳ ಬೇರೆ ದಾರಿ ಹಿಡಿಯಿತು. ಅಲ್ಲಿನ ‘ಐಟಿ ಅಟ್ ಸ್ಕೂಲ್’ ಯೋಜನೆ 2001ರಲ್ಲಿ ಆರಂಭವಾಯಿತು. ಅದಕ್ಕೆ ತಳಹದಿಯಾದ ಕಾರ್ಯಪಡೆಯ ಅಧ್ಯಕ್ಷರಾಗಿದ್ದವರು ಉಡುಪಿ ಜಿಲ್ಲೆಯ ಅದಮಾರಿನಲ್ಲಿ ಹುಟ್ಟಿದ ಹಿರಿಯ ಬಾಹ್ಯಾಕಾಶ ವಿಜ್ಞಾನಿ ಪ್ರೊ. ಯು. ಆರ್. ರಾವ್ ಎಂಬುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ಕೇರಳವು ಹೊರಗಿನ ಬೋಧಕರನ್ನು ನೆಚ್ಚದೆ ತನ್ನ ಶಿಕ್ಷಕರನ್ನೇ ಸಜ್ಜುಗೊಳಿಸಿತು. ಶಿಕ್ಷಕರ ಪೈಕಿ ಆಸಕ್ತರನ್ನು ಆರಿಸಿ ಮಾಸ್ಟರ್ ಟ್ರೇನರ್‌ಗಳನ್ನಾಗಿ ಮಾಡಿದರು. ಪ್ರತಿ ಪ್ರೌಢಶಾಲೆಯಲ್ಲಿ ಒಬ್ಬ ಶಿಕ್ಷಕರು ಶಾಲಾ ಐಟಿ ಸಂಯೋಜಕರಾದರು. ಅವರ ಮೇಲೆ ಜಿಲ್ಲಾ ಮಟ್ಟದ ತಂಡ. ಬೆಳಿಗ್ಗೆ ಗಣಿತವನ್ನೋ ಭಾಷೆಯನ್ನೋ ಕಲಿಸುವವರೇ ಮಧ್ಯಾಹ್ನ ಕಂಪ್ಯೂಟರ್ ಕೊಠಡಿಯ ಹೊಣೆ ಹೊತ್ತರು. ಕೆಟ್ಟ ಯಂತ್ರಗಳನ್ನು ಒಂದು ಕಡೆ ತಂದು ಶಿಕ್ಷಕರೂ ವಿದ್ಯಾರ್ಥಿಗಳೂ ಸೇರಿ ಬಿಚ್ಚಿ ಸರಿಪಡಿಸುವ ‘ಹಾರ್ಡ್‌ವೇರ್ ಕ್ಲಿನಿಕ್’ಗಳನ್ನು ನಡೆಸಿದರು. ದುಬಾರಿ ಪರವಾನಗಿಯ ತಂತ್ರಾಂಶವನ್ನು ಬಿಟ್ಟು ಯಾರು ಬೇಕಾದರೂ ನಕಲಿಸಿ ಹಂಚಬಹುದಾದ ಲಿನಕ್ಸ್‌ಗೆ ಬದಲಾದರು, ಶಾಲೆಗಳಿಗೆ ತಕ್ಕಂತೆ ಅದನ್ನು ಹೊಂದಿಸಿಕೊಂಡರು. ಎಲ್ಲ ಶಾಲೆಗಳಲ್ಲೂ ಒಂದೇ ತಂತ್ರಾಂಶ ಇದ್ದುದರಿಂದ ಒಂದು ಶಾಲೆಯಲ್ಲಿ ಸಿಕ್ಕ ಪರಿಹಾರ ಇನ್ನೊಂದು ಶಾಲೆಯಲ್ಲೂ ನಡೆಯಿತು. ಇದು ಬಹಳ ಮುಖ್ಯವಾದ ಅಂಶ.

ಇದರ ಫಲ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ದೊರೆಯಿತು. ಕಂಪ್ಯೂಟರ್ ವಿಷಯದ ಪಠ್ಯಪುಸ್ತಕ ಅವರಿಗೆ ಕನ್ನಡದಲ್ಲೇ ಸಿಕ್ಕಿತು. 2017ರಲ್ಲಿ ಈ ಯೋಜನೆ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯಾಗಿ ಬೆಳೆಯಿತು. 2018ರಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ಕೂಟಗಳು ಶಾಲೆಗಳಲ್ಲಿ ಆರಂಭವಾಗಿ, ಯಂತ್ರಗಳ ಆರೈಕೆಯಲ್ಲಿ ಮಕ್ಕಳೂ ಕೈಜೋಡಿಸಿದರು. ಅದೇ ವರ್ಷ 45,000 ತರಗತಿ ಕೊಠಡಿಗಳನ್ನು ಆಧುನಿಕಗೊಳಿಸುವ ಕೆಲಸವನ್ನು ಆ ರಾಜ್ಯ ಕೈಗೆತ್ತಿಕೊಂಡಾಗ, ಅವುಗಳನ್ನು ನೋಡಿಕೊಳ್ಳಬಲ್ಲ ಶಿಕ್ಷಕರು ಆಗಲೇ ಶಾಲೆಗಳಲ್ಲಿ ಇದ್ದರು. ಮೊದಲು ಜನ, ಆಮೇಲೆ ಯಂತ್ರ.

ಕರ್ನಾಟಕದ ವಿಷಯ ಶಿಕ್ಷಕರ ವೇದಿಕೆ

ಕರ್ನಾಟಕದಲ್ಲೂ ಅಂತಹ ಪ್ರಯತ್ನ ಆಗಿಲ್ಲವೆಂದಲ್ಲ. 2011ರ ಸುಮಾರಿಗೆ ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ, ಮಾಧ್ಯಮಿಕ ಶಿಕ್ಷಣ ಅಭಿಯಾನ ಹಾಗೂ ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆಯನ್ನು ಆರಂಭಿಸಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಪ್ರೌಢಶಾಲಾ ಶಿಕ್ಷಕರು ಮೊದಲು ಸೇರಿದರು, ಭಾಷಾ ಶಿಕ್ಷಕರೂ ಮುಖ್ಯೋಪಾಧ್ಯಾಯರೂ ಅನಂತರ ಬಂದರು. ಜಿಲ್ಲೆಯ ಡಯಟ್‌ಗಳ ಕಂಪ್ಯೂಟರ್ ಕೊಠಡಿಗಳಲ್ಲಿ ಶಿಕ್ಷಕರೇ ಶಿಕ್ಷಕರಿಗೆ ಉಬುಂಟು ಬಳಸುವುದು, ಕನ್ನಡದಲ್ಲಿ ಟೈಪಿಸುವುದು, ಜಿಯೋಜೀಬ್ರ ತಂತ್ರಾಂಶದಲ್ಲಿ ರೇಖಾಗಣಿತದ ಚಿತ್ರ ಬಿಡಿಸುವುದು, ಇ-ಮೇಲ್ ಕಳುಹಿಸುವುದನ್ನು ಕಲಿಸಿದರು. ಮುಂದೆ ಊರಿಗೆ ಮರಳಿದ ಶಿಕ್ಷಕರು ಇ-ಮೇಲ್ ಬಳಗದಲ್ಲಿ ಪ್ರಶ್ನೆ ಕೇಳಿದರು, ಬೇರೊಂದು ಜಿಲ್ಲೆಯ, ತಾವು ಮುಖ ನೋಡಿರದ ಶಿಕ್ಷಕರಿಂದ ಉತ್ತರ ಪಡೆದರು. 2013ರಲ್ಲಿ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಭಂಡಾರ ಶುರುವಾಗಿ, ಶಿಕ್ಷಕರು ಸಿದ್ಧಪಡಿಸಿದ ಪಾಠ ಸಾಮಗ್ರಿ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಎಲ್ಲರಿಗೆ ಉಚಿತವಾಗಿ ದೊರೆಯುವಂತಾಯಿತು.

2016-17ರಲ್ಲಿ ಬಂದ ‘ತಂತ್ರಜ್ಞಾನ ಆಧಾರಿತ ಕಲಿಕಾ ಕಾರ್ಯಕ್ರಮ’ದಲ್ಲಿಯೂ ವಿಷಯ ಶಿಕ್ಷಕರಿಗೇ ತರಬೇತಿ ಕೊಡಲಾಯಿತು. ಕಂಪ್ಯೂಟರ್ ಎನ್ನುವುದು ‘ಕಂಪ್ಯೂಟರ್ ಸರ್’ ಒಬ್ಬರದಲ್ಲ, ಎಲ್ಲ ಶಿಕ್ಷಕರದು ಎಂಬ ತಿಳಿವಳಿಕೆ ನಮ್ಮಲ್ಲೂ ಮೂಡಿತು ಎಂಬುದಕ್ಕೆ ಇದು ಸಾಕ್ಷಿ. ಕೊರತೆ ಉಳಿದದ್ದು ಒಂದೇ. ಪಾಠದ ವಿಷಯ ಹಂಚಿಕೊಳ್ಳಲು ವೇದಿಕೆ ಸಿಕ್ಕಿತು. ಯಂತ್ರದ ಆರೈಕೆಗೆ ಕೇರಳದಂತೆ ಪ್ರತಿ ಶಾಲೆಯಲ್ಲಿ ಹೊಣೆ ಹೊತ್ತ ಒಬ್ಬ ಶಿಕ್ಷಕ, ಅವನ ಬೆನ್ನಿಗೆ ಒಂದು ಜಿಲ್ಲಾ ತಂಡ ಎಂಬ ಸ್ಥಿರ ವ್ಯವಸ್ಥೆ ಅದೇ ಗಟ್ಟಿತನದಲ್ಲಿ ಬೇರೂರಲಿಲ್ಲ.

ಪರೀಕ್ಷೆಯ ಕಾಲ

2020ರ ಕೊರೋನಾ ಕಾಲ ಈ ಎಲ್ಲ ವ್ಯವಸ್ಥೆಗಳನ್ನೂ ಒರೆಗೆ ಹಚ್ಚಿತು. ಶಾಲೆಗಳು ಮುಚ್ಚಿದಾಗ ಜುಲೈ 20ರಿಂದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಪ್ರಸಾರವಾದವು. ಆಗಸ್ಟ್‌ನಲ್ಲಿ ಬಂದ ‘ವಿದ್ಯಾಗಮ’ದಲ್ಲಿ ಶಿಕ್ಷಕರೇ ಊರೂರಿಗೆ ಹೋಗಿ ಜಗಲಿ, ಸಮುದಾಯ ಭವನ, ಮರದ ನೆರಳಿನಲ್ಲಿ ಪಾಠ ಮಾಡಿದರು. ಆನ್‌ಲೈನ್ ತರಗತಿಗಾಗಿ ಮಲೆನಾಡಿನ ಮಕ್ಕಳು ಮೊಬೈಲ್ ಹಿಡಿದು ಗುಡ್ಡ ಹತ್ತಿದರು. ಮಳೆಗೆ ಕರೆಂಟ್ ಹೋದರೆ ಟವರೂ ಮೂಕವಾಗುವ ಊರುಗಳಲ್ಲಿ ನೆಟ್‌ವರ್ಕ್ ಎಂಬುದೇ ಒಂದು ಬೇಡಿಕೆಯಾಯಿತು.

ಆ ದಿನಗಳಲ್ಲಿ ದೊಡ್ಡ ಯೋಜನೆಗಳಿಗಿಂತ ಮೊದಲು ಕೆಲಸಕ್ಕೆ ಬಂದದ್ದು ಶಿಕ್ಷಕರ ವಾಟ್ಸಾಪ್ ಗುಂಪುಗಳು. ವಿಡಿಯೋವನ್ನು ಕುಗ್ಗಿಸಿ ಕಳುಹಿಸುವುದು, ಚಿತ್ರಕ್ಕಿಂತ ಧ್ವನಿಯ ಪಾಠ ಕಡಿಮೆ ಡೇಟಾದಲ್ಲಿ ತಲುಪುತ್ತದೆ ಎಂಬುದು, ನೆಟ್‌ವರ್ಕ್ ಸಿಗುವ ಒಂದು ಮನೆಯಲ್ಲಿ ಪಾಠ ಇಳಿಸಿಕೊಂಡು ಪೆನ್‌ಡ್ರೈವ್ ಅಥವಾ ಬ್ಲೂಟೂತ್ ಮೂಲಕ ಉಳಿದವರಿಗೆ ಕೊಡುವುದು, ಇಂತಹ ಉಪಾಯಗಳು ಶಿಕ್ಷಕರಿಂದ ಶಿಕ್ಷಕರಿಗೆ ಹರಿದವು. ಆದರೆ ವಾಟ್ಸಾಪ್‌ನಲ್ಲಿ ಬಂದ ತಿಳಿವಳಿಕೆ ಹೊಳೆಯ ನೀರಿನಂತೆ ಹರಿದು ಹೋಗುತ್ತದೆ. ಇಂದು ಬಂದ ಉತ್ತರ ಮುಂದಿನ ವರ್ಷ ಹುಡುಕಿದರೆ ಸಿಗದು. ಬರೆದಿಟ್ಟದ್ದೇ ಉಳಿಯುವುದು.

ಚರಿತ್ರೆಯಿಂದ ನಮಗೇನು?

ನಾಲ್ಕು ದಶಕಗಳ ಈ ಕತೆಯಲ್ಲಿ ಬಿಬಿಸಿ ಮೈಕ್ರೋ ಬಂದು ಹೋಯಿತು. ಶಾಲೆಗಳಲ್ಲಿ ಮನೆಮಾತಾಗಿದ್ದ ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲ 2014ರ ಏಪ್ರಿಲ್ 8ರಂದು ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇದರಿಂದ ಚೆನ್ನಾಗಿ ನಡೆಯುತ್ತಿರುವ ಯಂತ್ರಗಳನ್ನೂ ಹಳತೆಂದು ಎಸೆಯುವ ಪ್ರಸಂಗ ಅನೇಕ ಶಾಲೆಗಳಿಗೆ ಬಂದಿದೆ. ಲಿನಕ್ಸ್ ಹಾಕಲು ಬಲ್ಲ ಒಬ್ಬ ಶಿಕ್ಷಕ ಇರುವ ಶಾಲೆ ಅವೇ ಯಂತ್ರಗಳನ್ನು ಇನ್ನೂ ಕೆಲವು ವರ್ಷ ಬಳಸಬಲ್ಲದು, ಇಲ್ಲದ ಶಾಲೆ ಮತ್ತೆ ದಾನಿಗಳ ಬಾಗಿಲು ತಟ್ಟಬೇಕು. ಯಂತ್ರದ ಆಯುಷ್ಯ ಐದಾರು ವರ್ಷ. ಅನುಭವವನ್ನು ಹಂಚಿಕೊಂಡರೆ ಅದರ ಆಯುಷ್ಯಕ್ಕೆ ಮಿತಿಯಿಲ್ಲ, ಹಂಚಿಕೊಳ್ಳದಿದ್ದರೆ ಒಬ್ಬ ಮನುಷ್ಯನ ವರ್ಗಾವಣೆಯೊಂದಿಗೆ ಅದೂ ಮುಗಿಯುತ್ತದೆ.

ಆದ್ದರಿಂದ ಸಂಘ ಸಂಸ್ಥೆಗಳ ಸದಸ್ಯರು ಪರಿಶೀಲಿಸಬೇಕಾದ ಕೆಲವು ಮಾತುಗಳನ್ನು ಇಲ್ಲಿ ಹೇಳುವುದು ಉಚಿತ.

ಮೊದಲನೆಯದಾಗಿ, ಪ್ರತಿ ಶಾಲೆಯಲ್ಲಿ ಯಂತ್ರಗಳ ಹೊಣೆ ಶಾಲೆಯ ಖಾಯಂ ಶಿಕ್ಷಕರೊಬ್ಬರಿಗೆ ಇರಲಿ, ಅವರ ಜೊತೆ ಇನ್ನೊಬ್ಬರು ಕಲಿಯುತ್ತಿರಲಿ. ಆ ಕೆಲಸಕ್ಕೆ ವಾರದಲ್ಲಿ ಒಂದೆರಡು ಪೀರಿಯಡ್ ಬಿಡುವು ಕೊಡಬೇಕು, ಪುಕ್ಕಟೆ ಹೊರೆಯಾಗಿ ಹೇರಬಾರದು.

ಎರಡನೆಯದಾಗಿ, ಕಂಪ್ಯೂಟರ್ ಕೊಠಡಿಯಲ್ಲಿ ಒಂದು ದಪ್ಪ ನೋಟ್‌ಬುಕ್ ಇರಲಿ. ಯಾವ ದಿನ, ಯಾವ ಯಂತ್ರ, ಏನಾಯಿತು, ಏನು ಮಾಡಿದೆವು, ಎಷ್ಟು ಖರ್ಚಾಯಿತು ಎಂದು ಕನ್ನಡದಲ್ಲೋ ಉರ್ದುವಿನಲ್ಲೋ ಬರೆದಿಡಲಿ. ಐವತ್ತು ರೂಪಾಯಿಯ ಆ ಪುಸ್ತಕ ಐವತ್ತು ಸಾವಿರದ ಯಂತ್ರವನ್ನು ಉಳಿಸೀತು.

ಮೂರನೆಯದಾಗಿ, ಹತ್ತಿರದ ಶಾಲೆಗಳ ಇಂತಹ ಶಿಕ್ಷಕರು, ಅವು ಸರ್ಕಾರಿಯಾಗಲಿ, ಅನುದಾನಿತವಾಗಲಿ, ಯಾವ ಸಮುದಾಯದ ಸಂಸ್ಥೆಯೇ ಆಗಲಿ, ತಿಂಗಳಿಗೊಮ್ಮೆ ಒಂದು ಕಡೆ ಸೇರಲಿ. ಭಾಷಣ ಬೇಡ. ‘ಈ ತಿಂಗಳು ಏನು ಕೆಟ್ಟಿತು, ಹೇಗೆ ಸರಿಯಾಯಿತು’ ಎಂಬ ಎರಡೇ ಪ್ರಶ್ನೆ ಸಾಕು.

ನಾಲ್ಕನೆಯದಾಗಿ, ಯಂತ್ರ ಕೊಳ್ಳುವಾಗ ಅಥವಾ ಗುತ್ತಿಗೆ ಕೊಡುವಾಗ, ಕರಾರು ಮುಗಿಯುವ ಮುನ್ನ ಶಾಲೆಯ ಇಬ್ಬರು ಶಿಕ್ಷಕರಿಗೆ ಪೂರ್ತಿ ಕೆಲಸ ಕಲಿಸಿ ಹೋಗಬೇಕು ಎಂಬ ಷರತ್ತು ಬರೆಸಿಕೊಳ್ಳಬೇಕು.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ನಿಮ್ಮಲ್ಲಿ ಅನೇಕರು ಡಿಪ್ಲೊಮಾ, ಬಿಸಿಎ, ಇಂಜಿನಿಯರಿಂಗ್ ಓದುತ್ತಿದ್ದೀರಿ. ರಜೆಗೆ ಊರಿಗೆ ಬಂದಾಗ ನೀವು ಓದಿದ ಶಾಲೆಗೆ ಒಮ್ಮೆ ಹೋಗಿ ಕೇಳಿ, ಬೀಗ ಹಾಕಿದ ಕೊಠಡಿಯಲ್ಲಿ ಎಷ್ಟು ಯಂತ್ರಗಳಿವೆ ಎಂದು. ಹತ್ತರಲ್ಲಿ ಕೆಟ್ಟ ಮೂರರ ಬಿಡಿಭಾಗಗಳಿಂದ ಉಳಿದವನ್ನು ನಡೆಸಬಹುದೇನೋ. ಆದರೆ ನೀವು ಒಬ್ಬರೇ ಕೂತು ಸರಿಮಾಡಿ ಬರಬೇಡಿ. ಪಕ್ಕದಲ್ಲಿ ಒಬ್ಬ ಶಿಕ್ಷಕರನ್ನೂ ಎಂಟನೆಯ ತರಗತಿಯ ಇಬ್ಬರು ಮಕ್ಕಳನ್ನೂ ಕೂರಿಸಿಕೊಳ್ಳಿ. ನೀವು ಹಿಂದಿರುಗಿದ ಮೇಲೆ ಆ ಯಂತ್ರ ಮತ್ತೆ ಕೆಡುತ್ತದೆ, ಆಗ ಅವರಿಗೆ ಗೊತ್ತಿರಬೇಕು.

ಶರಾವತಿಯ ಹಿನ್ನೀರಿಗೆ ಅರವತ್ತೊಂದು ವರ್ಷಗಳ ನಂತರ ಸೇತುವೆ ಬಂತು. ಇನ್ನು ಸಾಗರದ ಮೆಕ್ಯಾನಿಕ್ ಹೊಳೆ ದಾಟಲು ಲಾಂಚಿಗೆ ಕಾಯಬೇಕಿಲ್ಲ. ಆದರೆ ಶಾಲೆಯಿಂದ ಶಾಲೆಗೆ, ಶಿಕ್ಷಕನಿಂದ ಶಿಕ್ಷಕನಿಗೆ ಕಟ್ಟಬೇಕಾದ ಸೇತುವೆಗೆ ಸರ್ಕಾರದ ಕೋಟಿಗಳೂ ಬೇಕಿಲ್ಲ, ಇಂಜಿನಿಯರುಗಳೂ ಬೇಕಿಲ್ಲ. ಹನಿಗೂಡಿದರೆ ಹಳ್ಳ ಎಂಬ ಮಾತನ್ನು ನಂಬಿ ನಾಲ್ಕು ಶಾಲೆಗಳು ಮುಂದೆ ಬಂದರೆ ಈ ಶೈಕ್ಷಣಿಕ ವರ್ಷದಲ್ಲಿಯೇ ಅದನ್ನು ಆರಂಭಿಸಬಹುದು.